ಸೊರಟೂರ ಡಾಕ್ಟರ ಬಾಗಿಲ ಕಾಳಗ

ಯಾವ ಯುಗದಲ್ಲಿ ಮನುಷ್ಯನು ತನ್ನ ಬಂಗಾರವನ್ನು ಬ್ಯಾಂಕಿನ ಉಕ್ಕಿನ ಗರ್ಭದಲ್ಲಿಯೂ, ತನ್ನ ಜಾತಕವನ್ನು ಕಬ್ಬಿಣದ ಟ್ರಂಕಿನಲ್ಲಿಯೂ, ತನ್ನ ಫೋನನ್ನು ಸ್ವಂತ ಹೆಬ್ಬೆಟ್ಟಿನ ಗೆರೆಗಳಲ್ಲಿಯೂ ಭದ್ರಪಡಿಸಿಕೊಂಡು, ತನ್ನ ಹೊಟ್ಟೆ ಕರುಳು ಮೂತ್ರಕೋಶಾದಿ ಸಮಸ್ತ ಅಂತರಂಗವನ್ನು ಮಾತ್ರ ದವಾಖಾನೆಯ ಬೆಂಚಿನ ಮೇಲೆ ಸಂತೆಯ ಸೊಪ್ಪಿನಂತೆ ಹರವಿಟ್ಟು ಕೂರುವನೋ, ಅಂಥ ವಿಚಿತ್ರವೂ ವಿಪರೀತವೂ ಆದ ಯುಗಕ್ಕೆ ಮೊದಲ ನಮಸ್ಕಾರ. ಆ ಯುಗದ ಅಂಗಳದಲ್ಲಿ ಒಬ್ಬಂಟಿಯಾಗಿ ನಿಂತು, ಕುಳಿತುಕೊಳ್ಳಲಾಗದ ಕಾರಣದಿಂದಲೇ ನಿಂತು, ಗೋಪ್ಯವೆಂಬ ಧ್ವಜವನ್ನೆತ್ತಿದ ವೀರನಿಗೆ ಎರಡನೆಯ ನಮಸ್ಕಾರ. ಹೇ ವಾಗ್ದೇವಿಯೇ, ಶಂಖಧ್ವನಿಯನ್ನೂ ದುಂದುಭಿಘೋಷವನ್ನೂ ಬೇಡುವ ಈ ಕಥನಕ್ಕೆ ನಿನ್ನ ಕಂಠವನ್ನು ಕೊಡು. ಆದರೆ ತುಸು ಮೆಲ್ಲಗೆ ಕೊಡು, ಏಕೆಂದರೆ ವಿಷಯ ಸೂಕ್ಷ್ಮದ್ದು ಮತ್ತು ಗೋಡೆಯಾಚೆ ಜನ ಕುಳಿತಿದ್ದಾರೆ.

ಗಾಳಿಯೇ ಕೆಂಪಾಗಿ ಬೀಸುವ ಬ್ಯಾಡಗಿ ಎಂಬ ಪಟ್ಟಣವುಂಟು. ಅದರ ಮೆಣಸಿನಕಾಯಿ ಪೇಟೆಗೆ ಪರಸ್ಥಳದವರು ಕಾಲಿಟ್ಟೊಡನೆ ಸೀನುತ್ತಾರೆ. ಊರಿನವರು ಸೀನುವುದಿಲ್ಲ, ಸೀನುವವರನ್ನು ನೋಡಿ ನಗುತ್ತಾರೆ. ಆ ಪೇಟೆಯಲ್ಲಿ ರಕ್ತವರ್ಣ-ಮೆಣಸಿನಕಾಯಿ-ರಾಶಿ-ಶಿಖರ-ಸಿಂಹಾಸನಾಧೀಶ್ವರನೂ, ಘಾಟು-ಧೂಳಿ-ಧೂಸರಿತ-ಧೋತರ-ಧಾರಿಯೂ, ಖಾರೈಕ-ಜಿಹ್ವಾ-ಪ್ರಮಾಣ-ಪಂಡಿತನೂ ಆದ ದಲಾಲಿ ಉಜ್ಜಪ್ಪ ಹಲಗೇರಿ ಎಂಬುವನಿದ್ದನು. ರೈತನ ಚೀಲದಿಂದ ಒಂದು ಕಾಯಿಯನ್ನು ಎತ್ತಿ, ಬೆಳಕಿಗೆ ಹಿಡಿದು, ಬಾಲವನ್ನು ಮುರಿದು ನಾಲಗೆಗಿಟ್ಟು, ಕಣ್ಮುಚ್ಚಿ, "ಎರಿ ಭೂಮಿದು. ಕೊನೀ ನೀರು ತಪ್ಪೇತಿ" ಎಂದನೆಂದರೆ ಆಯಿತು, ಆ ಮಾತಿಗೆ ರೈತನೂ ಎದುರಾಡುತ್ತಿರಲಿಲ್ಲ, ಖರೀದಿದಾರನೂ ಎದುರಾಡುತ್ತಿರಲಿಲ್ಲ. ಬೇರೆ ದಲಾಲರು ಕಣ್ಣಿನಿಂದ ನೋಡುತ್ತಿದ್ದರು, ಕೈಯಿಂದ ಹಿಸುಕುತ್ತಿದ್ದರು. ಉಜ್ಜಪ್ಪ ತಿನ್ನುತ್ತಿದ್ದನು. ತಿನ್ನುವುದೇ ಅವನ ಕೀರ್ತಿ, ತಿನ್ನುವುದೇ ಅವನ ಅನ್ನ.

ಇಂಥ ಮಹಾಪುರುಷನ ಮೇಲೆ ಶತ್ರುವೊಬ್ಬನು ದಂಡೆತ್ತಿ ಬಂದನು. ಎದುರಿನಿಂದ ಬಂದಿದ್ದರೆ ಉಜ್ಜಪ್ಪನು ಎದೆಗೊಟ್ಟು ನಿಲ್ಲುತ್ತಿದ್ದನು. ಆದರೆ ಯುದ್ಧಧರ್ಮವನ್ನರಿಯದ ಆ ಪಾಪಿಯು, ಯಾವ ಕಾವಲೂ ಇಲ್ಲದ, ಯಾವ ಕವಿಯೂ ಹೊಗಳದ ಕೋಟೆಯ ಹಿಂಬಾಗಿಲಿನಲ್ಲಿ ಬಂದು ಬೀಡುಬಿಟ್ಟನು. ಅವನ ಹೆಸರು ಮೂಲವ್ಯಾಧಿ.

ಮೊದಲು ಉಜ್ಜಪ್ಪನು ಗಾದಿಯ ಮೇಲೆ ಒಂದು ಮಗ್ಗುಲಾಗಿ ಕುಳಿತನು. ಆಮೇಲೆ ಇನ್ನೊಂದು ಮಗ್ಗುಲಾಗಿ ಕುಳಿತನು. ಆಮೇಲೆ ಕೂಡುವುದನ್ನೇ ಬಿಟ್ಟು, ನಿಂತುಕೊಂಡೇ ವ್ಯಾಪಾರ ಮಾಡತೊಡಗಿದನು. ಪೇಟೆಯವರು, "ಹಲಗೇರಿಯವರಿಗೆ ಈಗೀಗ ಕೆಲಸದ ಮ್ಯಾಲ ಭಾಳ ಶ್ರದ್ಧಾ ಬಂದೈತಿ" ಎಂದು ಮೆಚ್ಚಿದರು. ರಾತ್ರಿಯ ಊಟದಲ್ಲಿ ಅವನು ರೊಟ್ಟಿಗೆ ಮೊಸರನ್ನು ಮಾತ್ರ ಹಚ್ಚಿಕೊಳ್ಳುವುದನ್ನು ಕಂಡ ಹೆಂಡತಿ ಕೊಟ್ರವ್ವ ಮಾತ್ರ ಏನನ್ನೂ ಮೆಚ್ಚಲಿಲ್ಲ.

"ದವಾಖಾನಿಗೆ ಹೋಗ್ರಿ," ಎಂದಳು.

"ಸೊರಟೂರ ಡಾಕ್ಟ್ರ ಹತ್ರ ಹೋದ್ರ ಊರಿಗೆಲ್ಲ ಗೊತ್ತಾಗತೈತಿ," ಎಂದನು ಉಜ್ಜಪ್ಪ. "ಖಾರ ತಿನಬ್ಯಾಡ ಅಂತ ಡಾಕ್ಟ್ರು ಹೇಳಿದ್ದು ಪ್ಯಾಟಿಗೆ ಗೊತ್ತಾದ್ರ, ನಾಳೆ ನನ್ನ ನಾಲಗಿ ಯಾರು ನಂಬ್ತಾರ? ಈಜು ಬರದಾವ ದೋಣಿ ನಡಸಿದಂಗ ಆಗತೈತಿ."

ಆ ಭಯ ಸುಳ್ಳಲ್ಲ. ಡಾಕ್ಟರ್ ಸೊರಟೂರ ಅವರು ಕೈಗುಣಕ್ಕೆ ಹೆಸರಾದವರು. ನಾಡಿ ಹಿಡಿದರೆಂದರೆ ಅರ್ಧ ಜ್ವರ ಅಲ್ಲಿಯೇ ಇಳಿಯುತ್ತಿತ್ತು. ಆದರೆ ವಯಸ್ಸು ಅವರ ಕಿವಿಗಳನ್ನು ಮಾತ್ರ ಹುಡುಕಿಕೊಂಡು ಬಂದು ಕೂತಿತ್ತು. ಕಿವಿ ಮಂದವಾಗಿದೆಯೆಂದು ಅವರು ಒಪ್ಪುತ್ತಿರಲಿಲ್ಲ. ಈಗಿನ ಜನ ಬಾಯಿ ಬಿಟ್ಟು ಮಾತಾಡುವುದಿಲ್ಲವೆಂದು ಹೇಳುತ್ತಿದ್ದರು. ಈ ಕೊರತೆಯನ್ನು ತುಂಬಲೆಂದೇ ಹೊರಗಿನ ಪಡಸಾಲೆಯಲ್ಲಿ, ಔಷಧದ ಕಪಾಟಿನ ಪಕ್ಕದಲ್ಲಿ, ಕಂಪೌಂಡರ್ ಮೌನೇಶಪ್ಪ ಬಡಿಗೇರನು ವಿರಾಜಮಾನನಾಗಿದ್ದನು.

ಹೆಸರಿನಲ್ಲಿ ಮೌನವಿದ್ದರೇನು? ಅವನು ಘನಗರ್ಜನ-ಗರ್ವಭಂಜನ-ಗಂಟಲೋದ್ದಂಡ-ಪ್ರಚಂಡನು. ಈ ಕೆಲಸಕ್ಕೆ ಸೇರುವ ಮೊದಲು ಟೂರಿಂಗ್ ಟಾಕೀಸಿನ ಜಟಕಾದಲ್ಲಿ ಕುಳಿತು ಊರೂರಿಗೆ ಸಿನಿಮಾ ಸಾರಿದವನು. ಮೈಕು ಕೆಟ್ಟ ದಿನವೂ ಅವನ ಜಟಕಾ ನಿಂತದ್ದಿಲ್ಲ. ರೋಗಿಯು ಬಂದು ತನ್ನ ತ್ರಾಸನ್ನು ಅವನ ಕಿವಿಯಲ್ಲಿ ಹೇಳಬೇಕು. ಅವನು ಅದನ್ನು ತೆರೆದ ಬಾಗಿಲಿನೊಳಗಿಂದ ಡಾಕ್ಟರಿಗೆ ಮುಟ್ಟಿಸಬೇಕು. ಹೀಗೆ ಮುಟ್ಟಿಸುವಾಗ ಅದು ಪಡಸಾಲೆಯ ಎರಡು ಬೆಂಚುಗಳಿಗೂ, ಹೊರಗಿನ ಚಹಾದ ಅಂಗಡಿಗೂ, ಗಾಳಿ ಸರಿಯಾಗಿದ್ದರೆ ಬಸ್‌ಸ್ಟ್ಯಾಂಡಿನವರೆಗೂ ಮುಟ್ಟುತ್ತಿತ್ತು. ಆ ಬಾಗಿಲು ಎಂದೂ ಮುಚ್ಚದಂತೆ ಅದರ ಬುಡಕ್ಕೆ ಹಳೆಯ ರುಬ್ಬುವ ಕಲ್ಲೊಂದನ್ನು ಒತ್ತಿಟ್ಟಿದ್ದರು.

ಆದರೂ ನೋವು ಮಾನಕ್ಕಿಂತ ಒಂದು ಗೇಣು ಎತ್ತರ ಬೆಳೆದ ದಿನ, ಉಜ್ಜಪ್ಪನು ಆ ದವಾಖಾನೆಯ ಮೆಟ್ಟಿಲನ್ನೇರಿದನು. ಮೌನೇಶಪ್ಪನನ್ನು ತೋಳು ಹಿಡಿದು ಮೂಲೆಗೆ ಎಳೆದು, ಮಂತ್ರೋಪದೇಶ ಮಾಡುವ ಗುರುವಿನಂತೆ ಅವನ ಕಿವಿಗೆ ಬಾಯಿಟ್ಟು, "ಕುಂದ್ರಾಕ ಆಗವಲ್ದಪಾ... ಕೆಳಗ ಸ್ವಲ್ಪ..." ಎಂದು ಉಸುರಿದನು.

ಮೌನೇಶಪ್ಪ ತಲೆಯಾಡಿಸಿದನು. ಬಾಗಿಲ ಕಡೆ ತಿರುಗಿದನು. ಎದೆ ತುಂಬ ಗಾಳಿ ಎಳೆದನು.

"ಸಾಹೇಬ್ರ, ಪ್ಯಾಟಿ ಉಜ್ಜಪ್ಪ ಹಲಗೇರಿಯವರು ಬಂದಾರ್ರೀ. ಕುಂದ್ರಾಕ ಆಗವಲ್ದಂತ್ರೀ, ಕೆಳಗ..."

ಪಡಸಾಲೆಯ ತಲೆಗಳೆಲ್ಲ ಮೇಲೆದ್ದವು. ಎದುರು ಬೆಂಚಿನಲ್ಲಿ ಸೂಗವ್ವ ಕುಳಿತಿದ್ದಳು: ಬಿಪಿ ನೋಡಿಸುವ ನೆಪದಲ್ಲಿ ದಿನವೂ ಬಂದು, ಊರಿನ ಸಮಸ್ತ ಬೇನೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಸಂಜೆಯೊಳಗೆ ಓಣಿ ಓಣಿಗೆ ಹಂಚಿ ಬರುವ ಮುದುಕಿ. ಅವಳ ಕಣ್ಣು ಸಾಣೆ ಹಿಡಿದ ಕುಡುಗೋಲಿನಂತೆ ಮಿಂಚಿದ್ದನ್ನು ಉಜ್ಜಪ್ಪ ಕಂಡನು. ಆ ಕ್ಷಣದಲ್ಲಿ ಅವನ ಗಂಟಲಿನಿಂದ ಸಿಡಿಲಿನಂಥ ಕೆಮ್ಮೊಂದು ಹೊರಬಿತ್ತು.

"ಕೆಮ್ಮು," ಎಂದನು. "ಕೆಮ್ಮಿ ಕೆಮ್ಮಿ ಕುಂದ್ರಾಕ ಆಗವಲ್ದು. ಕೆಳಗ ಕಫ ಕಟ್ಟೇತಿ."

ಕೆಮ್ಮಿನ ಔಷಧದ ಸೀಸೆ ಹಿಡಿದು ಮನೆಗೆ ಬಂದ ಗಂಡನನ್ನು ಕೊಟ್ರವ್ವ ಬಹಳ ಹೊತ್ತು ನೋಡಿದಳು.

"ಇದು ಯಾರಿಗ್ರಿ?"

"ನನಗ."

"ನಿಮಗ ಕೆಮ್ಮು ಯಾವಾಗ ಬಂತು?"

"ದವಾಖಾನಿಯೊಳಗ ಬಂತು," ಎಂದು ಹೇಳಿ ಆ ಸತ್ಯವಂತನು ಎರಡು ಚಮಚ ಕುಡಿದು ಬೋರಲು ಮಲಗಿದನು.

ಮುಂದಿನ ವಾರ ನೋವು ಇಮ್ಮಡಿಯಾಯಿತು. ಹಾವೇರಿಗೆ ಹೋಗೋಣವೆಂದರೆ ಬಸ್ಸಿನಲ್ಲಿ ಕೂಡಬೇಕು; ಕೂಡಲಾರದ್ದೇ ರೋಗ. ಹೀಗೆ ದೈವವು ಎಲ್ಲ ದಾರಿಗಳನ್ನೂ ಕಟ್ಟಿ, ಒಂದೇ ದಾರಿಯಲ್ಲಿ ಅವನನ್ನು ನೂಕಿತು. ಸೋಮವಾರ ಬೆಳಗ್ಗೆ ಅವನು ಮತ್ತೆ ಅದೇ ಪಡಸಾಲೆಯಲ್ಲಿ, ಬೆಂಚಿನಲ್ಲಿ ಜಾಗವಿದ್ದರೂ ಗೋಡೆಗೆ ಮುಖ ಮಾಡಿ ನಿಂತಿದ್ದನು.

ಬೆಂಚಿನ ತುದಿಯಲ್ಲಿ ನೀಲಗಂಗಾ ಎಂಬ ಹೆಣ್ಣುಮಗಳು ಕುಳಿತಿದ್ದಳು. ಅವನದೇ ಪೇಟೆಯ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಮದುವೆಯಾಗಿ ಈ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹೋದ ವಾರವೂ ಅವಳು ಅಲ್ಲಿಯೇ ಇದ್ದದ್ದು, ಮೌನೇಶಪ್ಪ ಕೇಳಿದಾಗ 'ತಲಿನೋವು' ಎಂದದ್ದು, ಬಿಳಿಯ ಗುಳಿಗೆ ತೆಗೆದುಕೊಂಡು ಎದ್ದುಹೋದದ್ದು ಉಜ್ಜಪ್ಪನಿಗೆ ನೆನಪಾಯಿತು.

"ನಿಮ್ಮ ಕೆಮ್ಮು ಕಡಿಮಿ ಆತೇನ್ರಿ ಅಣ್ಣಾರ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಆತವಾ. ನಿನ್ನ ತಲಿನೋವು?"

ಅವಳು ಅವನನ್ನು ನೋಡಿದಳು. ಅವನು ಅವಳನ್ನು ನೋಡಿದನು. ಒಂದೇ ಜೈಲಿನ ಇಬ್ಬರು ಕೈದಿಗಳು ಒಬ್ಬರನ್ನೊಬ್ಬರು ಗುರುತಿಸುವಂತೆ, ಒಬ್ಬ ಸುಳ್ಳುಗಾರನು ಇನ್ನೊಬ್ಬ ಸುಳ್ಳುಗಾರ್ತಿಯನ್ನು ಗುರುತಿಸಿದನು.

"ತಲಿನೋವು ಇದ್ದಿದ್ದ ಇಲ್ರಿ," ಎಂದಳು ಅವಳು, ಕಣ್ಣನ್ನು ನೆಲಕ್ಕೆ ಹಾಕಿ. "ಪ್ರತಿ ಸಲ ಹೇಳಬೇಕಂತ ಬರ್ತೀನಿ. ಆ ಎದುರು ಬೆಂಚಿನ ಸೂಗವ್ವಜ್ಜಿ ನಮ್ಮ ಅತ್ತಿ ಓಣಿಯಾಕಿ. ನಾನು ಹೇಳಿದ್ದು ನಾನು ಮನೀ ಮುಟ್ಟೂದ್ರೊಳಗ ಮನೀ ಮುಟ್ಟಿರತೈತಿ." ಸ್ವಲ್ಪ ತಡೆದು, "ಭಾಳ ದಿನಾ ಆತ್ರಿ. ಅಂಜಿಕಿ ಬರಾಕತ್ತೈತಿ," ಎಂದಳು.

ಉಜ್ಜಪ್ಪನಿಗೆ ತನ್ನ ನೋವು ಒಂದು ಗಳಿಗೆ ಮರೆತೇಹೋಯಿತು. ಇಷ್ಟು ದಿನ ಅವನು ತನ್ನದೊಂದೇ ಮಾನವು ಲೋಕದ ಅಂಚಿನಲ್ಲಿ ತೂಗುತ್ತಿದೆಯೆಂದು ತಿಳಿದಿದ್ದನು. ತಾನು ಕಳೆದುಕೊಳ್ಳುವುದು ವ್ಯಾಪಾರ. ಈ ಹುಡುಗಿ ಏನನ್ನು ಕಳೆದುಕೊಳ್ಳುತ್ತಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಗೋಡೆಯ ಊದಿನಕಡ್ಡಿ ಕಂಪನಿಯ ಕ್ಯಾಲೆಂಡರ್ ಒಮ್ಮೆ ಮೇಲೆದ್ದು ಬಿತ್ತು. ಅದರ ಹಿಂದೆ ಏನೋ ಕಂಡಂತಾಯಿತು. ಗೋಡೆಗೆ ಮುಖ ಮಾಡಿ ನಿಂತವನಿಗಲ್ಲದೆ ಬೆಂಚಿನಲ್ಲಿ ಕುಳಿತವರಿಗೆ ಎಂದೂ ಕಾಣದಂಥದ್ದು. ಉಜ್ಜಪ್ಪ ಬೆರಳಿನಿಂದ ಕ್ಯಾಲೆಂಡರನ್ನು ಸರಿಸಿದನು. ಜೇಡರ ಬಲೆಯ ಹಿಂದೆ, ನೀಲಿ ಬಣ್ಣದ ತಗಡಿನ ಮೇಲೆ, ಬಿಳಿಯ ಅಕ್ಷರಗಳಲ್ಲಿ 'ರೋಗಿಗಳ ಹಕ್ಕುಗಳು' ಎಂದು ಬರೆದಿತ್ತು. ಪಾತಾಳದಲ್ಲಿ ಹೂತುಹೋಗಿದ್ದ ದಿವ್ಯಾಸ್ತ್ರವು ತನ್ನ ಯೋಧನಿಗಾಗಿ ಕಾದು ಕುಳಿತಂತೆ ಆ ತಗಡು ಅಲ್ಲಿ ಕಾದಿತ್ತು.

ಆ ಹೊತ್ತಿಗೆ ಸರಿಯಾಗಿ ಮೌನೇಶಪ್ಪ, "ನೀಲಗಂಗವ್ವ, ಏನ್ ತ್ರಾಸು ಹೇಳವಾ," ಎಂದನು.

"ಒಳಗ ಹೇಳ್ತೀನ್ರಿ."

"ಒಳಗ ಹೇಳಿದ್ರೂ ಜೋರಾಗಿನ ಹೇಳಬೇಕು. ಇಲ್ಲೆ ಹೇಳು, ನಾ ಮುಟ್ಟಸ್ತೀನಿ."

ಸೂಗವ್ವ ಬಾಯಲ್ಲಿದ್ದ ಎಲೆಯಡಿಕೆಯನ್ನು ಅಗಿಯುವುದನ್ನು ನಿಲ್ಲಿಸಿದಳು. ನೀಲಗಂಗಾ ಎದ್ದಳು, ಸೆರಗು ಸರಿಮಾಡಿಕೊಂಡಳು, ಬಾಯಿ ತೆರೆದಳು. "ತಲಿ..." ಎಂದಳು.

"ತಡಿಯವಾ," ಎಂದನು ಉಜ್ಜಪ್ಪ ಹಲಗೇರಿ.

ಆಗ, ಪ್ರಳಯಕಾಲದ ಮಾರುತವು ಮಹಾವೃಕ್ಷವನ್ನು ಬೇರುಸಹಿತ ಕೀಳುವಂತೆ, ಆ ವೀರನು ಊದಿನಕಡ್ಡಿಯ ಕ್ಯಾಲೆಂಡರನ್ನು ಮೊಳೆಸಹಿತ ಕಿತ್ತನು. ಹಲ್ಲಿಯೊಂದು ನಿರಾಶ್ರಿತವಾಗಿ ಓಡಿತು. ನೀಲಿಯ ತಗಡು ಸೂರ್ಯೋದಯದಂತೆ ಪ್ರಕಟವಾಯಿತು. ಧೋತರದ ಚುಂಗನ್ನು ಎತ್ತಿ ಕಟ್ಟಿ, ತರ್ಜನಿಯನ್ನು ಗದೆಯಂತೆ ಚಾಚಿ, ಅವನು ಘೋಷಿಸಿದನು:

"ಮೌನೇಶಪ್ಪ, ಓದು ಇದನ್ನ. 'ರೋಗಿಯ ಕಾಯಿಲೆಯ ವಿವರವನ್ನು ಗೋಪ್ಯವಾಗಿ ಇಡಲಾಗುವುದು.' ಯಾರು ಇಡಬೇಕು? ನೀನು. 'ತಪಾಸಣೆಯ ವೇಳೆ ಖಾಸಗಿತನವನ್ನು ಕಾಪಾಡಲಾಗುವುದು.' ಎಲ್ಲಿ ಕಾಪಾಡೀಯಪಾ? ಬಾಗಲಕ್ಕ ಕಲ್ಲು ಹಚ್ಚಿ ಕಾಪಾಡೀಯೇನು? ಈ ಉಜ್ಜಪ್ಪ ಹಲಗೇರಿ ಮೂವತ್ತು ವರ್ಷ ಪ್ಯಾಟಿಯೊಳಗ ನಿಂತಾನ. ಒಬ್ಬ ರೈತನ ಮಾಲಿನ ತಪ್ಪು ಇನ್ನೊಬ್ಬ ರೈತನ ಮುಂದ ಹೇಳಿದಾವಲ್ಲ. ಕಾಯಿಗೆ ಇರೋ ಮರ್ಯಾದಿ ಮನಷ್ಯಾಗ ಬ್ಯಾಡೇನು?"

ಇಂಜೆಕ್ಷನ್ನಿಗೆ ಅಳುತ್ತಿದ್ದ ಕೂಸು ಕೂಡ ಸುಮ್ಮನಾಗಿ ಕಣ್ಣರಳಿಸಿತು. ಮೌನೇಶಪ್ಪ ಗುಳಿಗೆಯ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟನು. ಗಾಯಗೊಂಡ ಮದಗಜದಂತೆ ಮೇಲೆದ್ದನು.

"ಸಾಹುಕಾರ್ರ, ಆ ಬೋರ್ಡು ತಪಾಸಣಾಕ ಬಂದ ಸರ್ಕಾರಿ ಮಂದಿಗೆ ತೋರಸಾಕ ಹಾಕಿದ್ದು, ಓದಾಕ ಅಲ್ಲ. ನನ್ನ ಗಂಟಲಿನ ಬಗ್ಗೆ ಮಾತಾಡ್ತೀರಿ? ಈ ಗಂಟಲು ಹೊಳಿ ಆಚಿ ಊರಿಂದ ಜನಾ ಕರಕೊಂಡು ಬಂದೈತಿ. ಮಳ್ಯಾಗ, ಗಾಳ್ಯಾಗ, ಮೈಕಿಲ್ಲದ ಟಾಕೀಸು ತುಂಬಿಸೇತಿ. ಇಲ್ಲಿ ಬಂದ ಮ್ಯಾಲ ಒಬ್ಬ ಪೇಷಂಟಿನ ಬ್ಯಾನಿ ತಪ್ಪಿ ಹೇಳಿಲ್ಲ. ವಾಂತಿ ಅಂದ್ರ ವಾಂತಿ, ಭೇದಿ ಅಂದ್ರ ಭೇದಿ. ಇದ್ದಿದ್ದು ಇದ್ದಂಗ ಹೇಳೋದು ತಪ್ಪೇನ್ರಿ?"

"ಇದ್ದಿದ್ದು ಇದ್ದಂಗ ಹೇಳು. ಹೇಳಬೇಕಾದವರಿಗೆ ಹೇಳು."

"ಸಾಹೇಬ್ರಿಗೇ ಹೇಳಾಕತ್ತೀನಿ."

"ಸಾಹೇಬ್ರು ಅಲ್ಲೇ ಕುಂತಾರ. ನೀ ಹೇಳಿದ್ದು ರಾಣೆಬೆನ್ನೂರಾಗ ಕೇಳತೈತಿ."

ಈ ಬಾಣವು ಮರ್ಮಸ್ಥಾನಕ್ಕೇ ನಾಟಿತು. ಮೌನೇಶಪ್ಪನ ಮುಖ ಸಣ್ಣದಾಯಿತು. ಅವನು ಎರಡು ಹೆಜ್ಜೆ ಮುಂದೆ ಬಂದು, ಉಜ್ಜಪ್ಪನ ಹೆಗಲಿನ ಮೇಲೆ ಕೈಯಿಟ್ಟು, ಜೀವಮಾನದಲ್ಲಿ ಮೊದಲ ಬಾರಿಗೆ ಪಿಸುಮಾತು ಆಡಲು ಪ್ರಯತ್ನಿಸಿದನು.

"ನಿಮಗ ಹೇಳ್ತೀನಿ, ಯಾರ ಮುಂದೂ ಅನಬ್ಯಾಡ್ರಿ. ಸಾಹೇಬ್ರ ಕಿವಿ ಹೋಗ್ಯಾವ್ರಿ. ನಾ ಒದರಲಿಲ್ಲಂದ್ರ ಅವರಿಗೆ ಏನೂ ಕೇಳಂಗಿಲ್ಲ. ಕೇಳಂಗಿಲ್ಲ ಅನ್ನೋದು ಊರಿಗೆ ಗೊತ್ತಾದ್ರ, ಕಿವುಡ ಡಾಕ್ಟ್ರ ಅಂತ ಯಾರೂ ಬರಂಗಿಲ್ಲ. ಅದಕ್ಕ ಬಾಗಲಾ ತಗದು, ನಾನ ಒದರಿ, ಇಷ್ಟು ವರ್ಷ ಮುಚ್ಚಿಟ್ಟೀನ್ರಿ."

ಅವನ ಪಿಸುಮಾತು ಪಡಸಾಲೆಯ ಎರಡೂ ಬೆಂಚುಗಳಿಗೆ ಸ್ಪಷ್ಟವಾಗಿ ಕೇಳಿಸಿತು. ಡಾಕ್ಟರ ಕಿವಿಯ ಸಂಗತಿ ಎಲ್ಲರಿಗೂ ಮೊದಲೇ ಗೊತ್ತಿದ್ದುದರಿಂದ ಯಾರೂ ಮುಖ ಮೇಲೆತ್ತಲಿಲ್ಲ. ಸೂಗವ್ವ ಕೂಡ ಸೌಜನ್ಯಕ್ಕೆಂದು ಫ್ಯಾನನ್ನು ನೋಡಿದಳು.

ಉಜ್ಜಪ್ಪನ ಕೋಪವು ಬಿಸಿ ಹಾಲಿಗೆ ನೀರು ಚಿಮುಕಿಸಿದಂತೆ ಇಳಿಯಿತು. ಈ ಮನುಷ್ಯ ಒಬ್ಬನ ಗುಟ್ಟನ್ನು ಕಾಯಲು ಊರಿನವರದೆಲ್ಲ ಬಯಲಿಗಿಡುತ್ತಿದ್ದಾನೆ. ದುಷ್ಟನಲ್ಲ, ಲೆಕ್ಕ ತಪ್ಪಿದವನು.

"ಹಂಗಾದ್ರ ಗುಟ್ಟು ಕಾಯೋದು ನಿನಗೂ ಬರತೈತಿ," ಎಂದನು. "ಇವತ್ತು ಇನ್ನೊಂದು ಗುಟ್ಟು ಕಾಯಿ. ಈ ಹುಡುಗಿ ಒಳಗ ಹೋಗಲಿ. ಬಾಗಲಾ ಹಾಕು. ಅಕಿನ ಒದರಿ ಹೇಳ್ತಾಳ."

"ಕಲ್ಲೈತಲ್ರಿ."

ಅಲ್ಲಿ ಕಲ್ಲಿತ್ತು. ಪೂರ್ವಜರ ಕಾಲದ ಇಡ್ಲಿಗಳನ್ನು ಹಿಟ್ಟಾಗಿ ಕಂಡ, ಪರ್ವತಪ್ರಾಯವಾದ, ಅಚಲವಾದ ಕಲ್ಲು. ತನ್ನಂಥ ರೋಗಿಯು ಭಾರವೆತ್ತುವುದು ಮಹಾಪಾಪವೆಂಬುದು ಉಜ್ಜಪ್ಪನಿಗೆ ಅನುಭವದಿಂದ ಗೊತ್ತಿತ್ತು. ಆದರೂ ಅವನು ಬಗ್ಗಿದನು. ಮೌನೇಶಪ್ಪನೂ ಬಗ್ಗಿದನು. ಇಷ್ಟು ಹೊತ್ತು ಒಬ್ಬರಿಗೊಬ್ಬರು ಎದುರಾಳಿಗಳಾಗಿದ್ದ ಇಬ್ಬರು ಮಹಾರಥಿಗಳು ಹೆಗಲಿಗೆ ಹೆಗಲು ಕೊಟ್ಟು ಹುಂಕರಿಸಿದರು. ಉಜ್ಜಪ್ಪನ ಕಣ್ಣಿನ ಮುಂದೆ ನಕ್ಷತ್ರಗಳು ಮಾತ್ರವಲ್ಲ, ಕೆಲವು ಧೂಮಕೇತುಗಳೂ ಹಾದುಹೋದವು. ಕಲ್ಲು ಅಲುಗಿತು, ಉರುಳಿತು. ನೀಲಗಂಗಾ ಒಳಗೆ ಹೋದಳು. ಆ ದವಾಖಾನೆಯ ಬಾಗಿಲು, ಕುಂಭಕರ್ಣನು ಮಗ್ಗುಲಾಗುವಾಗ ನರಳುವಂತೆ ನರಳಿ, ಮುಚ್ಚಿಕೊಂಡಿತು.

ಯುದ್ಧ ಮುಗಿಯಿತೆಂದು ಉಜ್ಜಪ್ಪ ಬೆವರು ಒರೆಸಿಕೊಂಡನು. ಮುಗಿದಿರಲಿಲ್ಲ.

"ಆಂ?" ಎಂಬ ಡಾಕ್ಟರ ದನಿ ಬಾಗಿಲಿನ ಸಂದಿಯಿಂದ ಬಂದಿತು. "ಏನಂದಿ? ಬಾಯಿಬಿಟ್ಟು ಹೇಳು ತಾಯೀ."

ಹಲಗೆ ತೆಳ್ಳಗಿತ್ತು. ಸೂಗವ್ವ ಬೆಂಚಿನ ಆ ತುದಿಯಿಂದ ಈ ತುದಿಗೆ, ಬಾಗಿಲ ಪಕ್ಕಕ್ಕೆ, ನದಿಯ ನೀರು ಇಳಿಜಾರಿಗೆ ಹರಿಯುವಂತೆ ತನಗೇ ತಿಳಿಯದ ಹಾಗೆ ಸರಿದಳು. ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಒಳಗಿನಿಂದ ನೀಲಗಂಗಾಳ ಸಣ್ಣ ದನಿ, ಮೊದಲಿಗಿಂತ ಗಟ್ಟಿಯಾಗಿ, "ನನಗ ಎರಡು ತಿಂಗಳಿಂದ..." ಎಂದಿತು.

ಆ ಕ್ಷಣದಲ್ಲಿ ಉಜ್ಜಪ್ಪನ ಎದುರು ಎರಡು ದಾರಿಗಳಿದ್ದವು. ಒಂದರಲ್ಲಿ ಅವನ ಕೀರ್ತಿ, ಅವನ ನಾಲಗೆ, ಅವನ ಗಾದಿ, ಮೂವತ್ತು ವರ್ಷಗಳ ಹೆಸರು ಎಲ್ಲವೂ ಸುರಕ್ಷಿತವಾಗಿದ್ದವು. ಇನ್ನೊಂದರಲ್ಲಿ ಏನೂ ಸುರಕ್ಷಿತವಾಗಿರಲಿಲ್ಲ. ಅವನು ಬಾಗಿಲಿಗೆ ಬೆನ್ನು ಕೊಟ್ಟು, ಪಡಸಾಲೆಗೆ ಎದೆ ಕೊಟ್ಟು, ಹರಾಜಿನ ದಿನದ ತನ್ನ ಪೂರ್ಣ ಕಂಠವನ್ನು ಎತ್ತಿದನು.

"ಕೇಳ್ರಿ ಎಲ್ಲಾರೂ. ನನಗ ಮೂಲವ್ಯಾಧಿ ಆಗೇತಿ."

ಸೂಗವ್ವನ ತಲೆ ಬಾಗಿಲಿನಿಂದ ಅವನ ಕಡೆಗೆ ಹೊರಳಿತು.

"ಇಂದು ನಿನ್ನೆ ಆಗಿದ್ದಲ್ಲ, ದೀಪಾವಳಿ ಮುಂದ ಆಗಿದ್ದು. ಗಾದಿ ಮ್ಯಾಲ ಕುಂತ್ರ ಬೆಂಕಿ, ಕುರ್ಚಿ ಮ್ಯಾಲ ಕುಂತ್ರ ಮುಳ್ಳು. ಗಾಡಿ ಮ್ಯಾಲ ಹೊಂಟ್ರ ಒಂದೊಂದು ತಗ್ಗಿಗೂ ಒಂದೊಂದು ದೇವರ ಹೆಸರು ಬರತೈತಿ. ಹೋದ ತಿಂಗಳು ಬೀಗರ ಮದವಿಯೊಳಗ ಪಂಕ್ತಿಗೆ ಕುಂದ್ರಸಿದ್ರು. ಹೋಳಿಗಿ ಬಡಸೋತನಕ ತಡದೆ, ತುಪ್ಪ ಹಾಕೂಮುಂದ ಎದ್ದು ಓಡಿದೆ. ಸಿಟ್ಟಾಗಿ ಹ್ವಾದ್ರು ಅಂತ ಬೀಗರು ಇನ್ನೂ ಕಾಲು ಹಿಡಿಯಾಕತ್ತಾರ..."

ಉಸಿರು ತೀರಿತು. ಆ ಸಣ್ಣ ಬಿಡುವಿನಲ್ಲಿ ಒಳಗಿನ ಮಾತಿನ ಒಂದು ತುಣುಕು ಹೊರಗೆ ಸೋರುವುದರಲ್ಲಿತ್ತು. ಉಜ್ಜಪ್ಪ ಮೌನೇಶಪ್ಪನನ್ನು ನೋಡಿದನು. ಮೌನೇಶಪ್ಪನಿಗೆ ಅರ್ಥವಾಯಿತು. ಅವನು ಔಷಧದ ಕಪಾಟಿಗೆ ಬೆನ್ನು ಹಚ್ಚಿ, ಬಲಗೈಯನ್ನು ಇಲ್ಲದ ಮೈಕಿನ ಸುತ್ತ ಮುಷ್ಟಿಯಾಗಿಸಿ, ಎಷ್ಟೋ ವರ್ಷಗಳಿಂದ ಮಡಚಿಟ್ಟಿದ್ದ ತನ್ನ ನಿಜವಾದ ದನಿಯನ್ನು ಬಿಚ್ಚಿದನು.

"ಮಾನ್ಯರೇ, ಮಹಿಳೆಯರೇ, ಬ್ಯಾಡಗಿಯ ಕಲಾಭಿಮಾನಿಗಳೇ! ಕೇಳಿರಿ, ತಪ್ಪದೇ ಕೇಳಿರಿ! ಶ್ರೀ ಉಜ್ಜಪ್ಪ ಹಲಗೇರಿಯವರ ಅದ್ಧೂರಿ ಮೂಲವ್ಯಾಧಿ! ಕಣ್ಣೀರಿನ ಕಥೆ, ಬೆಂಕಿಯಂಥ ದೃಶ್ಯಗಳು, ಕುಟುಂಬಸಮೇತ ಬಂದು ಕೇಳಿರಿ..."

"ಕೊಟ್ರವ್ವ ರೊಟ್ಟಿಗೆ ಚಟ್ನಿ ನೀಡಿದ್ರ ನನಗ ಯಮನ ಕೋಣ ಕಂಡಂಗ ಆಗತೈತಿ," ಎಂದು ಉಜ್ಜಪ್ಪ ಮುಂದುವರಿಸಿದನು.

"ಕೇಳಿದಿರಾ ಬಂಧುಗಳೇ! ಚಟ್ನಿಯ ದೃಶ್ಯ! ಹಿಂದೆಂದೂ ಕಾಣದಂಥದ್ದು..."

ಹೀಗೆ ಒಬ್ಬನು ನಿಲ್ಲಿಸಿದಲ್ಲಿ ಇನ್ನೊಬ್ಬನು ಎತ್ತಿಕೊಳ್ಳುತ್ತ, ಆ ಇಬ್ಬರು ಶಬ್ದದ ಕೋಟೆಯೊಂದನ್ನು ಕಟ್ಟಿದರು. ಚಹಾದಂಗಡಿಯವರು ಗ್ಲಾಸು ಹಿಡಿದುಕೊಂಡೇ ಬಾಗಿಲಲ್ಲಿ ಬಂದು ನಿಂತರು. ಬಸ್‌ಸ್ಟ್ಯಾಂಡಿಗೆ ಹೋಗುವವರು ನಿಂತರು. ಕೆಮ್ಮಿಗೆಂದು ಬಂದು ನಿಂತಿದ್ದ ಪೇಟೆಯ ಖರೀದಿದಾರನೊಬ್ಬನು ತೆರೆದ ಬಾಯಿಯನ್ನು ಮುಚ್ಚಲಿಲ್ಲ. ಆ ಕೋಟೆಯೊಳಗೆ, ತೆಳ್ಳನೆಯ ಹಲಗೆಯ ಹಿಂದೆ, ಒಬ್ಬ ಹೆಣ್ಣುಮಗಳು ತನಗೆ ಹೇಳಬೇಕಾದ್ದನ್ನೆಲ್ಲ, ಗಂಟಲು ಬಿಟ್ಟು, ಹೆದರದೆ, ಕೊನೆಯವರೆಗೂ ಹೇಳಿದಳು. ಏನು ಹೇಳಿದಳು? ಮೂರು ಲೋಕಗಳ ಸಂಗತಿಯನ್ನು ಬಲ್ಲ ಕಥೆಗಾರನಿಗೆ ಅದೂ ಗೊತ್ತು. ಅವನು ಹೇಳುವುದಿಲ್ಲ. ತಗಡಿನ ಮೇಲೆ ಬರೆದದ್ದು ಅವನಿಗೂ ಅನ್ವಯಿಸುತ್ತದೆ.

ಬಾಗಿಲು ತೆರೆಯಿತು. ನೀಲಗಂಗಾ ಹೊರಗೆ ಬಂದಳು. ಅತ್ತಿದ್ದಳೆಂದು ಕಣ್ಣು ಹೇಳುತ್ತಿತ್ತು, ಹಗುರಾಗಿದ್ದಾಳೆಂದು ನಡಿಗೆ ಹೇಳುತ್ತಿತ್ತು. "ಹಾವೇರಿಗೆ ಬರದು ಕೊಟ್ಟಾರ್ರಿ. ಗುಣಾ ಆಗೂದೈತಿ ಅಂದ್ರು," ಎಂದು ಉಜ್ಜಪ್ಪನೊಬ್ಬನಿಗೇ ಕೇಳುವಷ್ಟು ಹೇಳಿ, ಗುಂಪನ್ನು ಸೀಳಿಕೊಂಡು ಹೊರಟುಹೋದಳು. ಅವಳನ್ನು ಯಾರೂ ನೋಡಲಿಲ್ಲ. ಎಲ್ಲರೂ ಉಜ್ಜಪ್ಪನನ್ನು ನೋಡುತ್ತಿದ್ದರು.

ಕೀರ್ತಿಯೆಂಬ ಗೋಪುರವು ನೆಲಕ್ಕೆ ಬೀಳುವ ಸದ್ದಿಗಾಗಿ ಉಜ್ಜಪ್ಪ ಕಿವಿಗೊಟ್ಟು ನಿಂತನು. ಮೊದಲು ಮಾತಾಡಿದವಳು ಸೂಗವ್ವ.

"ಅದಕ್ಯಾಕ ಇಷ್ಟ ಒದರತೀಯಪಾ. ನಿನಗ ಐತಿ ಅನ್ನೋದು ಊರಿಗೇ ಗೊತ್ತೈತಿ. ಗಾದಿ ಬಿಟ್ಟು ಎರಡು ತಿಂಗಳಿಂದ ಕಂಬದಂಗ ನಿಂತಿದ್ರ ಮತ್ತೇನಂತ ತಿಳೀಬೇಕು? ಸುವರ್ಣಗಡ್ಡಿ ಪಲ್ಯಾ ಮಾಡಿಸಿಕೊಂಡು ತಿನ್ನು."

"ಮೂಲಂಗಿ ರಸ ಚಲೋ," ಎಂದನು ಚಹಾದಂಗಡಿಯವನು.

ಖರೀದಿದಾರನು ಕೊನೆಗೂ ಬಾಯಿ ಮುಚ್ಚಿ, ಮತ್ತೆ ತೆರೆದು, "ನನಗೂ ಐತ್ರಿ, ಆರು ವರ್ಷ ಆತು," ಎಂದನು. ಬೆಂಚಿನ ಮೇಲಿಂದ ಇನ್ನೊಂದು ಕೈ ಮೆಲ್ಲಗೆ ಮೇಲೆದ್ದಿತು. ಬಾಗಿಲಲ್ಲಿ ನಿಂತಿದ್ದ ಹಮಾಲನು, "ಈ ಊರಾಗ ಯಾರಿಗಿಲ್ಲ ಬಿಡ್ರಿ," ಎಂದು ವಿಷಯವನ್ನು ಇತ್ಯರ್ಥ ಮಾಡಿದನು. ಜನ ಚದುರಿದರು. ಚಹಾ ಆರುತ್ತಿತ್ತು.

ತಾನು ಪ್ರಾಣವನ್ನು ಪಣವಿಟ್ಟು ಕಾಯ್ದ ರಹಸ್ಯವು ಮಂಗಳವಾರದ ಸಂತೆಯಷ್ಟು ಹಳೆಯದೆಂದು ತಿಳಿದಾಗ ಉಜ್ಜಪ್ಪನಿಗೆ ನೆಮ್ಮದಿಗಿಂತ ಹೆಚ್ಚಾಗಿ ಅವಮಾನವಾಯಿತು. ಅವನು ಒಳಗೆ ಹೋದನು. ಡಾಕ್ಟರ್ ಸೊರಟೂರ ಪ್ರಸನ್ನವದನರಾಗಿ ಕುಳಿತಿದ್ದರು. ಔಷಧದ ಚೀಟಿ ಆಗಲೇ ಸಿದ್ಧವಾಗಿತ್ತು.

"ಕೇಳೇನಿ, ಕೇಳೇನಿ," ಎಂದರು. "ಬಾಗಲಾ ಹಾಕಿದ್ರೂ ಎಷ್ಟು ಸ್ಪಷ್ಟ ಕೇಳ್ತು. ನಾ ಹೇಳಲಿಲ್ಲ ಮೌನೇಶಗ? ನನ್ನ ಕಿವಿ ಚಲೋ ಅದಾವ, ಜನಾ ಬಾಯಿ ಬಿಡಂಗಿಲ್ಲ ಅಂತ. ಖಾರ ಬಂದ್. ಈ ಮುಲಾಮು ಹಚ್ಚಿಕೊಳ್ರಿ. ಮುಂಜಾನೆ ಸಂಜೀಕ ಉಗುರುಬೆಚ್ಚಗಿನ ನೀರೊಳಗ ಕುಂದರ್ರಿ."

ಆ ದಿನದಿಂದ ಸೊರಟೂರ ದವಾಖಾನೆಯಲ್ಲಿ ಹೊಸ ರಾಜನೀತಿ ಜಾರಿಗೆ ಬಂದಿತು. ಹೆಂಗಸರು ಒಳಗೆ ಹೋದಾಗ ಬಾಗಿಲು ಮುಚ್ಚಬೇಕು. ಮುಚ್ಚಿದಾಗ ಮೌನೇಶಪ್ಪ ಹೊರಗೆ ರೇಡಿಯೊ ಹಚ್ಚಬೇಕು. ಬ್ಯಾಟರಿ ಇಲ್ಲದಿದ್ದರೆ ಅವನೇ ಹಾಡಬೇಕು. ಗಂಡಸರ ವಿಷಯಕ್ಕೆ ಹೊಸ ನಿಯಮ ಬೇಡವೆಂದು ತೀರ್ಮಾನವಾಯಿತು, ಏಕೆಂದರೆ ಅವರಿಗೆಲ್ಲ ಇರುವುದು ಒಂದೇ ಬೇನೆಯೆಂದು ಮೌನೇಶಪ್ಪನಿಗೆ ಅನ್ನಿಸಿತ್ತು. ಪೇಟೆಯಲ್ಲಿ ಉಜ್ಜಪ್ಪನ ನಾಲಗೆಗೆ ಏನೂ ಊನವಾಗಲಿಲ್ಲ. ಕಾಯಿಯ ಬಾಲವನ್ನು ನಾಲಗೆಗಿಟ್ಟು, ನುಂಗದೆ, ಪಕ್ಕಕ್ಕೆ ಉಗುಳತೊಡಗಿದನು. ಅದನ್ನು ಕಂಡ ಬೇರೆ ದಲಾಲರು ಇದೇ ಸರಿಯಾದ ಪದ್ಧತಿಯಿರಬೇಕೆಂದು ತಾವೂ ಉಗುಳತೊಡಗಿದರು.

ಇನ್ನು ಆ ಯುದ್ಧದ ಸಂಜೆಯ ವಿಜಯೋತ್ಸವವನ್ನು ವರ್ಣಿಸಿದರೆ ಕಥೆ ಮುಗಿಯಿತು. ಗೋಪ್ಯ-ಧರ್ಮ-ಸಂಸ್ಥಾಪಕನೂ, ಶಿಲೋತ್ಪಾಟನ-ಪರಾಕ್ರಮಿಯೂ, ಸ್ವಕೀರ್ತಿ-ಹೋಮ-ದೀಕ್ಷಿತನೂ ಆದ ಉಜ್ಜಪ್ಪ ಹಲಗೇರಿಯು ತನ್ನ ಮನೆಯ ಬಚ್ಚಲಿನಲ್ಲಿ, ಗುಲಾಬಿ ಬಣ್ಣದ ಪ್ಲಾಸ್ಟಿಕ್ ಟಬ್ಬಿನ ಉಗುರುಬೆಚ್ಚಗಿನ ನೀರಿನಲ್ಲಿ, ಒಂದು ಮೊಣಕಾಲನ್ನು ಗದ್ದಕ್ಕೆ ಹಚ್ಚಿಕೊಂಡು ಆಸೀನನಾದನು. ಎಷ್ಟೋ ದಿನಗಳ ನಂತರ ಕುಳಿತದ್ದು. ಸುಖದಿಂದ ಕಣ್ಣು ಮುಚ್ಚಿದನು. ಬಚ್ಚಲಿನ ಬಾಗಿಲಿಗೆ ಚಿಲಕವಿರಲಿಲ್ಲವಾದ್ದರಿಂದ ಇನ್ನೊಂದು ಕಾಲನ್ನು ಚಾಚಿ ಅದನ್ನು ಒತ್ತಿ ಹಿಡಿದಿದ್ದನು.

"ಅಯ್ಯ, ಇನ್ನೂ ಆಗಲಿಲ್ಲೇನ್ರಿ?" ಎಂದು ಕೊಟ್ರವ್ವ ಹೊರಗಿನಿಂದ ಕೇಳಿದಳು. "ಆ ಟಬ್ಬು ಲಗೂನ ಖಾಲಿ ಮಾಡ್ರಿ. ಅರಿವಿ ನೆನಿ ಹಾಕೋದೈತಿ."

ವೀರನು ಎದ್ದನು.